ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದ ಬೆಳಗು

ವಾಯು ಗುಣಮಟ್ಟ ಮುನ್ಸೂಚನಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಸಹಿ ಮಾಡಿ ಕಳಿಸಿದ ಉತ್ತರ ತಲುಪಿತು. ನನ್ನ ಅಕ್ಕ ಉಸಿರು ಸಿಗದೆ ಅಡುಗೆಮನೆಯ ಕಿಟಕಿಯ ಕೆಳಗೆ ಕುಸಿದು ಬಿದ್ದ ಬೆಳಗಿನ ಬಗ್ಗೆ ನಾನು ನಿಮ್ಮನ್ನು ಕೇಳಿದ್ದೆ. ಆ ಬೆಳಗಿನಲ್ಲಿ ನಮ್ಮ ಓಣಿಯ ಗಾಳಿ ಹೇಗಿತ್ತು, ನೀವು ಕಳಿಸಿದ ಸಂದೇಶದಲ್ಲಿ ಏನಿತ್ತು, ಎರಡಕ್ಕೂ ತಾಳೆ ಯಾಕಿಲ್ಲ ಎಂದು ಕೇಳಿದ್ದೆ. ನೀವು ಬರೆದಿದ್ದೀರಿ: "ಸದರಿ ಅವಧಿಯು ಗಣಕ ಮಾದರಿಯ ವ್ಯಾಪ್ತಿಗೆ ಬಾರದ ಕಾರಣ, ಸದರಿ ಅವಧಿಯಲ್ಲಿ ಮಾಲಿನ್ಯ ಉಂಟಾಗಿರುವುದು ಕಂಡುಬಂದಿರುವುದಿಲ್ಲ." ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕೆಟ್ಟ ಉತ್ತರಗಳನ್ನು ಓದಿ ಓದಿಯೇ ನನ್ನ ಕೂದಲು ಬೆಳ್ಳಗಾದದ್ದು. ಆದರೂ ಇಷ್ಟು ಧೈರ್ಯದ ಉತ್ತರವನ್ನು ಹಿಂದಿನ ಬೆಂಚಿನವರೂ ಬರೆದ ನೆನಪಿಲ್ಲ. ನಾವು ನೋಡಲಿಲ್ಲ, ಆದ್ದರಿಂದ ಅದು ಇರಲಿಲ್ಲ ಎನ್ನುತ್ತೀರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಕೇಳಿದ್ದೆ. ಕಣ್ಣು ಮುಚ್ಚಿಕೊಂಡದ್ದಕ್ಕೆ ಸಂಬಳವನ್ನೂ ಪಡೆಯುವ ಬೆಕ್ಕನ್ನು ಈಗ ಕಂಡೆ.

ನಮ್ಮ ಓಣಿಯನ್ನು ನೀವು ನಕ್ಷೆಯಲ್ಲಿ ಮಾತ್ರ ನೋಡಿರುತ್ತೀರಿ, ಆದ್ದರಿಂದ ಸ್ವಲ್ಪ ಪರಿಚಯ ಮಾಡಿಕೊಡುತ್ತೇನೆ. ಒಂದು ಕಡೆ ಹಳೇ ಕಬ್ಬಿಣ ಕರಗಿಸುವ ಕಾರ್ಖಾನೆಯ ಹಿಂಗೋಡೆ, ಇನ್ನೊಂದು ಕಡೆ ರೈಲು ಹಳಿಯ ದಿಬ್ಬ. ನಡುವಿನ ತಗ್ಗಿನಲ್ಲಿ ನಮ್ಮ ಮನೆಗಳು, ಒಂದರ ಗೋಡೆಗೆ ಇನ್ನೊಂದು ಆತುಕೊಂಡು. ಗಾಳಿ ಬೀಸುವ ದಿನ ಕಾರ್ಖಾನೆಯ ಹೊಗೆ ನಮ್ಮ ತಲೆಯ ಮೇಲಿಂದ ಹಾದು ಬೇರೆ ಯಾರದೋ ಪಾಲಾಗುತ್ತದೆ. ಅವರಿಗೂ ಪಾಪ ಮೂಗಿದೆ, ಆ ಮಾತು ಇನ್ನೊಮ್ಮೆ ಆಡೋಣ. ಎಲೆ ಅಲ್ಲಾಡದ ಚಳಿಗಾಲದ ಬೆಳಗಿನಲ್ಲಿ ಮಾತ್ರ ಹೊಗೆ ಎಲ್ಲಿಗೂ ಹೋಗುವುದಿಲ್ಲ. ತಗ್ಗಿಗೆ ಇಳಿದು, ಕರೆಯದೆ ಬಂದ ನೆಂಟನ ಹಾಗೆ ಕಾಲು ಚಾಚಿ ಕೂತುಬಿಡುತ್ತದೆ. ಆ ಬೆಳಗುಗಳಲ್ಲಿ ಹಿಂದಿನ ದಿನ ಒಗೆದು ಹರವಿದ ಬಟ್ಟೆಯ ಮೇಲೆ ಕಪ್ಪು, ಕಿಟಕಿಯ ಸರಳಿನ ಮೇಲೆ ಕಪ್ಪು, ಮೂಗು ಸೀನಿದರೆ ಕರವಸ್ತ್ರದ ಮೇಲೂ ಕಪ್ಪು. ಬಿಸಿಲೇರಿ ಗಾಳಿ ಎದ್ದ ಮೇಲೆ ಎಲ್ಲ ತಿಳಿಯಾಗುತ್ತದೆ, ಆಮೇಲೆ ನೀವು ಕಚೇರಿಗೆ ಬರುತ್ತೀರಿ.

ಮೊದಲು ನಮ್ಮ ಮೂಲೆಯ ವಾಚನಾಲಯದ ತಾರಸಿಯ ಮೇಲೆ ನಿಮ್ಮ ಕಚೇರಿಯ ಅಳತೆಯ ಪೆಟ್ಟಿಗೆಯೊಂದಿತ್ತು. ಗುರ್ ಎಂದು ಗೊರಕೆ ಹೊಡೆಯುತ್ತ ಗಾಳಿಯನ್ನು ಒಳಗೆಳೆದುಕೊಂಡು, ಅದರಲ್ಲಿ ಎಷ್ಟು ಹೊಲಸಿದೆ ಎಂದು ಕೆಳಗಿನ ಫಲಕದಲ್ಲಿ ತೋರಿಸುತ್ತಿತ್ತು. ಗಾಳಿ ನಿಂತ ಬೆಳಗುಗಳಲ್ಲಿ ಫಲಕ ಕೆಂಪಾಗುತ್ತಿತ್ತು. ಕೆಂಪಾದರೆ ಪ್ರಾಥಮಿಕ ಶಾಲೆಯವರು ಮಕ್ಕಳನ್ನು ಮೈದಾನಕ್ಕೆ ಬಿಡುತ್ತಿರಲಿಲ್ಲ, ಪೇಪರು ಹಾಕುವವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ಕಾರ್ಖಾನೆಯ ಮ್ಯಾನೇಜರು ನಿಮಗೆ ಫೋನ್ ಮಾಡುತ್ತಿದ್ದರು. ಕೊನೆಯದು ನನ್ನ ಊಹೆ. ತಪ್ಪಾಗಿದ್ದರೆ ತಿದ್ದಿ, ನನಗೇನೂ ಬೇಸರವಿಲ್ಲ. ಒಂದು ದಿನ ವ್ಯಾನಿನಲ್ಲಿ ಬಂದ ಇಬ್ಬರು ಆ ಪೆಟ್ಟಿಗೆಯನ್ನು ಬಿಚ್ಚತೊಡಗಿದರು.

"ಏನಪ್ಪಾ, ಕೆಟ್ಟೋಗಿದೆಯಾ?" ಎಂದು ಕೇಳಿದೆ.

"ಇಲ್ಲಮ್ಮ, ಗಟ್ಟಿಮುಟ್ಟಾಗಿದೆ. ಇನ್ಮೇಲೆ ಅಳೆಯೋದೇ ಬೇಡ್ವಂತೆ. ಎಲ್ಲಾ ಕಂಪ್ಯೂಟರ್‌ನಲ್ಲೇ ಗೊತ್ತಾಗತ್ತಂತೆ."

ಆ ತಿಂಗಳಲ್ಲೇ ಶಾಲೆಯ ಸಭಾಂಗಣದಲ್ಲಿ ನಿಮ್ಮ ಭಾಷಣವಾಯಿತು. ಹೊಗೆ ಎಲ್ಲಿ ಹುಟ್ಟಿ, ಎತ್ತ ಹರಡಿ, ಯಾರ ಮನೆ ಬಾಗಿಲಿಗೆ ಎಷ್ಟು ಬರುತ್ತದೆ ಎಂಬುದನ್ನು ಕಂಪ್ಯೂಟರು ಮುಂಚಿತವಾಗಿಯೇ ಲೆಕ್ಕ ಹಾಕಿ ಪ್ರತಿ ಬೆಳಗ್ಗೆ ನಮ್ಮ ಫೋನಿಗೆ ತಿಳಿಸುತ್ತದೆ ಎಂದಿರಿ. "ನಿಮ್ಮ ಪರವಾಗಿ ಕಂಪ್ಯೂಟರು ಉಸಿರಾಡುತ್ತದೆ" ಎಂದೂ ಅಂದಿರಿ. ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಅಕ್ಕ.

ಅವಳ ಬಗ್ಗೆ ಹೇಳದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ನಾವಿಬ್ಬರೇ ಮನೆಯಲ್ಲಿರುವುದು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು; ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರೂರಿಗೆ ಲೈನು ಜೋಡಿಸಿಕೊಡುತ್ತಿದ್ದವಳು. ಈಗ ಅವಳ ಶ್ವಾಸಕೋಶ ಸೋತಿದೆ. ಮೆಟ್ಟಿಲು ಹತ್ತಿದರೆ ಸಾಕು, ಗೋಡೆ ಹಿಡಿದು ನಿಲ್ಲುತ್ತಾಳೆ. ಡಾಕ್ಟರು ಹೇಳಿದ್ದು ಇಷ್ಟೇ: "ಗಾಳಿ ಚೆನ್ನಾಗಿರೋ ದಿನ ಕಿಟಕಿ ತೆಗೆದು ಕೂತ್ಕೊಳ್ಳಿ, ಒಳ್ಳೇದು. ಕೆಟ್ಟಿರೋ ದಿನ ಎಲ್ಲಾ ಮುಚ್ಕೊಂಡು ಒಳಗಿರಿ." ಹಾಗಾಗಿ ಪ್ರತಿ ಬೆಳಗ್ಗೆ ನಮ್ಮ ಮನೆಯ ಕಿಟಕಿಯನ್ನು ತೆರೆಯುವ, ಮುಚ್ಚುವ ಅಧಿಕಾರ ನಿಮ್ಮದಾಯಿತು. ಹಲ್ಲುಜ್ಜುವ ಮೊದಲೇ ಅವಳು ನಿಮ್ಮ ಸಂದೇಶ ನೋಡುತ್ತಿದ್ದಳು. ನಾನು ತಡೆಯದೆ ಇದ್ದವಳಲ್ಲ.

"ಅಕ್ಕಾ, ಅವ್ರ ಮಾತು ಕಟ್ಕೊಂಡು ಕಿಟಕಿ ತೆಗೀಬೇಡ. ನಾನೆದ್ದು ನೋಡೋವರ್ಗೂ ಇರು."

"ನೀನೇನೇ ನೋಡೋದು? ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದ್ರಲ್ಲೇ ಮಧ್ಯಾಹ್ನ ಆಗತ್ತೆ ನಿಂಗೆ. ಜೀವಮಾನ ಪೂರ್ತಿ ಪೇಪರ್ ತಿದ್ದಿ ತಿದ್ದಿ, ಲೋಕದಲ್ಲಿ ಎಲ್ರೂ ತಪ್ಪೇ ಬರೀತಾರೆ ಅಂದ್ಕೊಂಡಿದೀಯ. ಆಫೀಸಲ್ಲಿ ಕೂತೋರು ನೋಡ್ದೆ ಹೇಳ್ತಾರಾ?"

ನೋಡದೆ ಹೇಳುತ್ತಾರೆ ಎಂಬುದು ಅವಳ ಕಲ್ಪನೆಗೂ ನಿಲುಕದ ಮಾತು. ಅವಳು ತನ್ನ ಕೆಲಸದಲ್ಲಿ ಎಂದೂ ಹಾಗೆ ಮಾಡಿದವಳಲ್ಲ.

ಆ ದಿನದ ನಿಮ್ಮ ಸಂದೇಶ ನನಗೆ ಬಾಯಿಪಾಠವಾಗಿದೆ. "ಇಂದು ನಿಮ್ಮ ಬಡಾವಣೆಯ ಗಾಳಿ ತೃಪ್ತಿಕರ. ಹೊರಾಂಗಣ ಚಟುವಟಿಕೆಗಳಿಗೆ ಅಡ್ಡಿಯಿಲ್ಲ." ಪಕ್ಕದಲ್ಲಿ ಒಂದು ನಗುವ ಹಸಿರು ಮುಖ. ಯಾರನ್ನು ತೃಪ್ತಿಪಡಿಸಿತ್ತೋ ಆ ಗಾಳಿ, ನನಗೆ ತಿಳಿಯದು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಅಕ್ಕ ಅಡುಗೆಮನೆಯ ಕಿಟಕಿ ತೆರೆದು, ಮಣೆ ಎಳೆದುಕೊಂಡು ಅದರ ಕೆಳಗೆ ಕೂತಿದ್ದಾಳೆ. ಅವಳ ಮೂಗಿಗೆ ಈಗ ವಾಸನೆ ತಿಳಿಯುವುದಿಲ್ಲ, ಹಾಲು ಸೀದರೂ ನಾನೇ ಹೇಳಬೇಕು. ನಾನು ಬಚ್ಚಲಲ್ಲಿದ್ದೆ. ಪಾತ್ರೆ ಬಿದ್ದ ಸದ್ದಾಯಿತು, ಕೂಗಿದೆ, ಉತ್ತರ ಬರಲಿಲ್ಲ. ಬಂದು ನೋಡಿದರೆ ಅಡುಗೆಮನೆಯ ದೀಪದ ಸುತ್ತ ಮಬ್ಬು ಕವಿದಿದೆ, ಗಂಟಲಿಗೆ ಕಬ್ಬಿಣ ನೆಕ್ಕಿದಂಥ ರುಚಿ. ಅಕ್ಕ ನೆಲದ ಮೇಲೆ. ತುಟಿ ನೀಲಿ. ಒಂದು ಕೈ ಕಿಟಕಿಯ ಕಡೆಗೇ ಚಾಚಿದೆ, ಮುಚ್ಚಲಿಕ್ಕೋ, ಇನ್ನಷ್ಟು ತೆರೆಯಲಿಕ್ಕೋ ಗೊತ್ತಿಲ್ಲ. ಪಕ್ಕದ ಮನೆಗೆ ಕೇಳುವಂತೆ ಕೂಗಿಕೊಂಡೆ. ಅಲ್ಲಿಯ ವೆಲ್ಡರು ಓಡಿ ಬಂದು, ಹೊದಿಕೆಯೊಂದರಲ್ಲಿ ಸುತ್ತಿ ಅವಳನ್ನು ಎತ್ತಿಕೊಂಡು ತನ್ನ ಟೆಂಪೋದಲ್ಲಿ ಮಲಗಿಸಿದ. ಆಸ್ಪತ್ರೆಯವರೆಗೂ ನಾನು ಅವಳ ಕೆನ್ನೆ ತಟ್ಟುತ್ತಲೇ ಇದ್ದೆ, ಚಿಕ್ಕಂದಿನಲ್ಲಿ ಅವಳು ನನ್ನನ್ನು ಶಾಲೆಗೆ ಎಬ್ಬಿಸುತ್ತಿದ್ದ ಹಾಗೆ.

ಬದುಕಿ ಬಂದಳು. ಈಗ ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರವಿದೆ, ಮೂಗಿಗೆ ನಳಿಕೆ ಇದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದ್ಸಲ ಇಂಥ ಹೊಗೆ ಕುಡಿದ್ರೆ ನಮ್ಮ ಕೈಲಿ ಏನೂ ಇರಲ್ಲ" ಎಂದಿದ್ದಾರೆ. ಚಳಿಗಾಲ ಇನ್ನೂ ಅರ್ಧ ಬಾಕಿಯಿದೆ.

ಇದಾದ ಮೇಲೆ ನಿಮ್ಮ ಕಚೇರಿಗೆ ಬಂದೆ. ನಿಮಗೆ ನೆನಪಿರಲಾರದು, ನನಗೆ ಚೆನ್ನಾಗಿ ನೆನಪಿದೆ. ದಪ್ಪ ಗಾಜಿನ ಕಿಟಕಿಗಳು, ಸಂದುಗಳಿಗೆ ರಬ್ಬರ್ ಪಟ್ಟಿ. ನಿಮ್ಮ ಕುರ್ಚಿಯ ಪಕ್ಕದಲ್ಲಿ ಗಾಳಿ ಶುದ್ಧ ಮಾಡುವ ಬಿಳಿ ಯಂತ್ರ; ಅದರ ನೆತ್ತಿಯ ಮೇಲೆ ಕೋಣೆಯ ಗಾಳಿ ಈ ಕ್ಷಣಕ್ಕೆ ಹೇಗಿದೆ ಎಂದು ತೋರಿಸುವ ಅಂಕಿ. ಅದು ಲೆಕ್ಕ ಹಾಕುವುದಿಲ್ಲ, ಅಳೆಯುತ್ತದೆ. ನಿಮ್ಮ ಮೂಗಿಗೆ ಅಳತೆ, ನಮ್ಮ ಮೂಗಿಗೆ ಅಂದಾಜು. ಎಷ್ಟು ಕಾಳಜಿಯಿಂದ ಮಾಡಿದ ವಿಂಗಡಣೆ ಇದು. ನಿಮ್ಮ ಕಂಪ್ಯೂಟರು ನಮ್ಮ ಪರವಾಗಿ ಉಸಿರಾಡುವುದಾದರೆ ನಿಮ್ಮ ಪರವಾಗಿ ಯಾಕೆ ಉಸಿರಾಡುವುದಿಲ್ಲ ಎಂದು ಕೇಳಬೇಕೆಂದಿದ್ದೆ, ನೀವು ಫೋನಿನಲ್ಲಿದ್ದಿರಿ. ಕೈಸನ್ನೆಯಲ್ಲೇ ಪಕ್ಕದ ಕೋಣೆ ತೋರಿಸಿದಿರಿ.

ಅಲ್ಲಿದ್ದ ನಿಮ್ಮ ಗಣಕ ತಜ್ಞರು ಸಭ್ಯರು. ಕುರ್ಚಿ ಕೊಟ್ಟರು, ನಕ್ಷೆ ತೆರೆದರು. ನಮ್ಮ ಓಣಿ ಗಿಳಿಹಸಿರಾಗಿ ಹೊಳೆಯುತ್ತಿತ್ತು. ಇಲ್ಲಿ ಮನೆ ಕೊಳ್ಳೋಣ ಎಂದು ನನಗೇ ಆಸೆಯಾಗುವಷ್ಟು ಹಸಿರು. ಆ ದಿನದ ಬೆಳಗಿನ ಹೊತ್ತನ್ನು ತೋರಿಸಿ ಎಂದೆ. ಅವರು ಪುಟ ಸರಿಸಿದರು, ಮತ್ತೆ ಸರಿಸಿದರು. ಬೆಳಗಿನ ಗಂಟೆಗಳ ಎದುರು ಅಂಕಿಗಳೇ ಇರಲಿಲ್ಲ. ಖಾಲಿ.

"ಇದೇನಿದು, ಖಾಲಿ ಇದೆಯಲ್ಲ?" ಎಂದೆ.

"ಆ ಹೊತ್ತಿಗೆ ಗಾಳಿ ಇರ್ಲಿಲ್ಲ ಮೇಡಂ. ಗಾಳಿ ಇಲ್ದಿದ್ರೆ ಈ ಮಾಡೆಲ್ ಓಡಲ್ಲ."

"ಮತ್ತೆ ಹೊಗೆ?"

"ಹೊಗೆಯೂ ಓಡಲ್ಲ ಮೇಡಂ."

"ಓಡ್ದೇ ಇದ್ರೆ ಅದು ಎಲ್ಲಿರತ್ತೆ?"

ಅವರ ಮುಖ ಕೆಂಪಾಯಿತು. ನಿಮ್ಮ ಕಚೇರಿಯಲ್ಲಿ ನಾನು ಕಂಡ ಕೆಂಪು ಅದೊಂದೇ.

ಅಷ್ಟರಲ್ಲಿ ನೀವು ಬಾಗಿಲಲ್ಲಿ ಕಾಣಿಸಿಕೊಂಡಿರಿ. "ಇದೆಲ್ಲಾ ತಾಂತ್ರಿಕ ವಿಷಯ ತಾಯಿ, ನಿಮಗೆ ಅರ್ಥ ಆಗಲ್ಲ. ಹೋಗಿ ವಿಶ್ರಾಂತಿ ತಗೊಳ್ಳಿ" ಎಂದಿರಿ. ಅರ್ಥವಾಯಿತು ಸ್ವಾಮಿ. ಚೆನ್ನಾಗಿಯೇ ಅರ್ಥವಾಯಿತು. ನಿಮಗೆ ಅರ್ಥವಾಗಿದೆಯೇ ಎಂಬುದು ನನ್ನ ಅನುಮಾನ, ಆದ್ದರಿಂದ ಬೋರ್ಡಿನ ಮೇಲೆ ಬರೆದು ತೋರಿಸುವಂತೆ ಹೇಳುತ್ತೇನೆ. ನಿಮ್ಮ ತಜ್ಞರು ತೋರಿಸಿದ ಮಾದರಿಯ ಸೂತ್ರ ಚಿಮಣಿಯಿಂದ ಬರುವ ಹೊಗೆಯ ಮೊತ್ತವನ್ನು ಗಾಳಿಯ ವೇಗದಿಂದ ಭಾಗಿಸುತ್ತದೆ. ಗಾಳಿ ಜೋರಾದಷ್ಟೂ ಹೊಗೆ ತೆಳುವಾಗುತ್ತದೆ, ನ್ಯಾಯವೇ. ವೇಗ ಅರ್ಧವಾದರೆ ಹೊಗೆ ಎರಡು ಪಟ್ಟು. ವೇಗ ಇನ್ನೂ ಇಳಿದರೆ ಹೊಗೆ ಇನ್ನೂ ದಟ್ಟ. ವೇಗ ಸೊನ್ನೆಯಾದರೆ? ಸೊನ್ನೆಯಿಂದ ಭಾಗಿಸಬಾರದು ಎಂದು ನಾನೂ ವರ್ಷಗಟ್ಟಲೆ ಮಕ್ಕಳ ತಲೆಗೆ ತುಂಬಿದವಳೇ. ಆದರೆ ಭಾಗಿಸಲಾಗದು ಎಂದರೆ ಉತ್ತರ ಸೊನ್ನೆ ಎಂದಲ್ಲ. ಸೊನ್ನೆಯ ಹತ್ತಿರ ಹೋದಷ್ಟೂ ಉತ್ತರ ಬೆಳೆಯುತ್ತಲೇ ಇತ್ತಲ್ಲ, ಅದು ಕಣ್ಣಿಗೆ ಕಾಣಲಿಲ್ಲವೇ? ಹೊಗೆ ಅತಿ ಹೆಚ್ಚಾಗುವ ಗಂಟೆಯಲ್ಲಿ ನಿಮ್ಮ ಸೂತ್ರ ಕೈಚೆಲ್ಲಿತು; ನೀವು ಆ ಗಂಟೆಯನ್ನೇ ದಿನದಿಂದ ಕಿತ್ತು ಎಸೆದಿರಿ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆಯನ್ನು ಇಡೀ ಕಚೇರಿಯ ಧ್ಯೇಯವಾಕ್ಯ ಮಾಡಿಕೊಂಡವರನ್ನು ನಾನು ಇದೇ ಮೊದಲು ನೋಡಿದ್ದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಜ್ಞಾನ ಎಂದು ಬಿಟ್ಟುಬಿಡಬಹುದಿತ್ತು. ಕಿತ್ತು ಎಸೆದ ಮೇಲೆ ಉಳಿದ ಗಂಟೆಗಳ ಸರಾಸರಿ ತೆಗೆದಿರಿ. ಉಳಿದವೆಲ್ಲ ಗಾಳಿ ಬೀಸಿದ, ಹೊಗೆ ಹಾರಿಹೋದ, ಒಳ್ಳೆಯ ಗಂಟೆಗಳು. ಸರಾಸರಿ ತೃಪ್ತಿಕರ ಬಾರದೆ ಇನ್ನೇನು ಬರುತ್ತದೆ? ಕೆಲವು ಶಾಲೆಗಳಲ್ಲಿ ಫೇಲಾಗುವ ಮಕ್ಕಳನ್ನು ಪರೀಕ್ಷೆಗೇ ಕೂರಿಸುವುದಿಲ್ಲ. ಕೂತವರೆಲ್ಲ ಪಾಸು. ಗೇಟಿನ ಮೇಲೆ ನೂರಕ್ಕೆ ನೂರು ಫಲಿತಾಂಶದ ಬ್ಯಾನರು. ಅಂಥ ಒಬ್ಬ ಹೆಡ್‌ಮಾಸ್ಟರರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ, ಬ್ಯಾನರು ಕಟ್ಟುವ ದಿನ ಅವರ ಮುಖದಲ್ಲಿ ಇರುತ್ತಿದ್ದ ಕಳೆಯನ್ನೂ ನೋಡಿದ್ದೇನೆ. ನಿಮ್ಮ ಹಸಿರು ಮುಖ ನೋಡಿದಾಗಲೆಲ್ಲ ಅವರೇ ನೆನಪಾಗುತ್ತಾರೆ. ಅವರು ಕೈಬಿಟ್ಟ ಮಕ್ಕಳು ಗೇಟಿನ ಹೊರಗೆ ನಿಂತಿರುತ್ತಿದ್ದವು. ನೀವು ಕೈಬಿಟ್ಟ ಗಂಟೆಗಳಲ್ಲಿ ನಾವು ವಾಸವಾಗಿದ್ದೇವೆ.

ಅಂದಹಾಗೆ ಆ ಗಾಳಿಯ ವೇಗವಾದರೂ ಎಲ್ಲಿಯದು? ನಮ್ಮ ಓಣಿಯದಲ್ಲ. ಊರಾಚೆಯ ವಿಮಾನ ನಿಲ್ದಾಣದ ಬಯಲಿನಲ್ಲಿ, ಅಡ್ಡಿ ಆತಂಕವಿಲ್ಲದ ಜಾಗದಲ್ಲಿ, ಕಂಬದ ಮೇಲೆ ತಿರುಗುವ ಗಾಳಿಮಾಪಕದ ಬಟ್ಟಲುಗಳಿಂದ ಮರುದಿನಕ್ಕೆ ಅಂದಾಜಿಸಿದ ವೇಗ. ಅಲ್ಲಿಯೂ ಬಟ್ಟಲು ತಿರುಗದೆ ನಿಂತ ಬೆಳಗೆಂದರೆ, ದಿಬ್ಬಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡ ನಮ್ಮ ತಗ್ಗಿನ ಗತಿ ಏನಾಗಿದ್ದೀತು? ಅದನ್ನು ತಿಳಿಯಲು ತಜ್ಞರೂ ಬೇಕಿಲ್ಲ, ಟೀಚರೂ ಬೇಕಿಲ್ಲ. ಒಂದು ಬೆಳಗ್ಗೆ ಬೇಗ ಎದ್ದು, ಕಾರಿನ ಗಾಜು ಇಳಿಸಿ ನಮ್ಮ ಓಣಿಯಲ್ಲಿ ಹಾದುಹೋದರೆ ಸಾಕಿತ್ತು. ಬೇಗ ಏಳುವುದು ಬಹುಶಃ ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ.

ನಾನು ಕಂಪ್ಯೂಟರಿನ ಶತ್ರುವೆಂದು ನಿಮ್ಮ ಮುಂದಿನ ಉತ್ತರದಲ್ಲಿ ಬರೆಯಬೇಡಿ. ಲೆಕ್ಕದ ಮೇಲೆ ನನಗಿರುವಷ್ಟು ಪ್ರೀತಿ ನಿಮಗಿದ್ದಿದ್ದರೆ ಈ ಪತ್ರದ ಅಗತ್ಯವೇ ಬರುತ್ತಿರಲಿಲ್ಲ. ಹೊಗೆ ಹೇಗೆ ಹರಡುತ್ತದೆ ಎಂದು ಗಣಿತದಲ್ಲಿ ಹಿಡಿಯುವುದು ಅದ್ಭುತವಾದ ಕೆಲಸ. ಹೊಸ ಚಿಮಣಿ ಎಷ್ಟು ಎತ್ತರವಿರಬೇಕು, ಶಾಲೆಯನ್ನು ಎಲ್ಲಿ ಕಟ್ಟಬಾರದು ಎಂದು ಮೊದಲೇ ತಿಳಿಯಲು ಅದು ಬೇಕೇಬೇಕು. ಗಾಳಿ ನಿಂತ ಹೊತ್ತನ್ನೂ ಲೆಕ್ಕ ಹಾಕಬಲ್ಲ ಬೇರೆ ಮಾದರಿಗಳಿವೆ, ಅವಕ್ಕೆ ಹೆಚ್ಚು ಸಮಯ ಬೇಕು, ಹೆಚ್ಚು ಮಾಹಿತಿ ಬೇಕು ಎಂದು ನಿಮ್ಮ ತಜ್ಞರೇ ಮೆಲ್ಲಗೆ ಹೇಳಿದರು. ತನಗೆ ಬಾರದ ಲೆಕ್ಕವನ್ನು ಖಾಲಿ ಬಿಡುವ ಮಟ್ಟಿಗೆ ನಿಮ್ಮ ಕಂಪ್ಯೂಟರು ಪ್ರಾಮಾಣಿಕವಾಗಿದೆ. ಆ ಖಾಲಿ ಜಾಗದಲ್ಲಿ ನಗುವ ಮುಖ ಅಂಟಿಸಿದ್ದು ಮನುಷ್ಯರು. ನನ್ನ ತರಗತಿಯಲ್ಲಿ ಉತ್ತರ ಗೊತ್ತಿಲ್ಲದೆ ಖಾಲಿ ಬಿಟ್ಟವರಿಗೆ ನಾನು ಬೈದದ್ದು ಕಡಿಮೆ. ಪಕ್ಕದವನದು ನೋಡಿ ಬರೆದು, ಕೊನೆಗೆ ಅಡಿಗೆರೆ ಬೇರೆ ಎಳೆಯುವವರನ್ನು ಮಾತ್ರ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಆ ಗಂಟೆ ಅವರ ಹತ್ತಿರ ಇಲ್ಲವೇ ಇಲ್ಲವಂತೆ ಕಣಕ್ಕ, ನೀನು ಬಿದ್ದೇ ಇಲ್ಲವಂತೆ ಎಂದೆ. ಅವಳು ಕೆಂಡವಾಗುತ್ತಾಳೆ, ಕೊನೆಗೂ ನನ್ನ ಮಾತು ಒಪ್ಪುತ್ತಾಳೆ ಎಂದುಕೊಂಡಿದ್ದೆ. ಅವಳು ನಳಿಕೆಯನ್ನು ಸರಿಮಾಡಿಕೊಂಡು, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದಳು:

"ಲೈನ್ ಸಿಗ್ದೇ ಇದ್ರೆ ನಾವು ಸಿಗ್ತಿಲ್ಲ ಅಂತಿದ್ವಿ. ಜನ ಬೈಯೋರು. ಬೈಸ್ಕೋತಿದ್ವಿ. ಹಂಗಂತ ಯಾವ್ದೋ ನಂಬರ್‌ಗೆ ಜೋಡಿಸಿ, ಹೂಂ ಮಾತಾಡಿ, ಅಂತ ಬಿಡ್ತಿರ್ಲಿಲ್ಲ. ಸಿಗ್ತಿಲ್ಲ ಅನ್ನೋಕೆ ಅವ್ರಿಗೇನು ಕಷ್ಟ?"

ನಾನು ಅವಳ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟೆ.

"ಹೊಸಾ ಮಿಷನ್ನು ಕಣೆ. ಪಾಪ, ಅವ್ರಿಗೂ ಗೊತ್ತಾಗಿರಲ್ಲ. ನೀನು ಬರಿ. ಹೇಳಿದ್ರೆ ಸರಿ ಮಾಡ್ತಾರೆ."

ಅವಳ ಮಾತಿಗಾಗಿ ಈ ಪತ್ರ ಬರೆದೆ. ನನ್ನಷ್ಟಕ್ಕೆ ಬಿಟ್ಟಿದ್ದರೆ ಬರೆಯುತ್ತಿರಲಿಲ್ಲ. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಳ್ಳುವ ವಯಸ್ಸು ನನ್ನದಲ್ಲ. ಪತ್ರಿಕೆಗೆ ಕೊಡುತ್ತಿರುವುದು ಯಾಕೆಂದರೆ, ನಿಮಗೆ ಮಾತ್ರ ಬರೆದರೆ ಇದೂ ವ್ಯಾಪ್ತಿಗೆ ಬಾರದೆ ಹೋಗುವ ಸಂಭವವಿದೆ.

ನಾನು ಕೇಳುವುದು ಹೆಚ್ಚಿಲ್ಲ. ಗಟ್ಟಿಮುಟ್ಟಾಗಿಯೇ ಇದ್ದ ಆ ಅಳತೆಯ ಪೆಟ್ಟಿಗೆಯನ್ನು ವಾಚನಾಲಯದ ತಾರಸಿಗೆ ವಾಪಸು ತಂದಿಡಿ. ಅದಕ್ಕೆ ಸಮಿತಿ, ಉಪಸಮಿತಿ, ಪ್ರವಾಸ, ವರದಿ ಎಲ್ಲ ಆಗಬೇಕೆಂದು ಬಲ್ಲೆ. ಅಲ್ಲಿಯವರೆಗೆ ಒಂದೇ ಒಂದು ಕೆಲಸ ಮಾಡಿ, ಇದಕ್ಕೆ ಯಾರ ಮಂಜೂರಾತಿಯೂ ಬೇಡ. ಗಾಳಿ ನಿಲ್ಲುವ ಬೆಳಗುಗಳಲ್ಲಿ ಆ ಹಸಿರು ಮುಖ ಕಳಿಸಬೇಡಿ. ಅದರ ಬದಲು "ಗೊತ್ತಿಲ್ಲ" ಎಂದು ಕಳಿಸಿ. ಒಂದೇ ಪದ. ನಿಮ್ಮ ಇಡೀ ಕಚೇರಿಯಲ್ಲಿ ಇದುವರೆಗೆ ಯಾರೂ ಬರೆಯದ ಪದವಾದ್ದರಿಂದ ಕೈ ತಡವರಿಸಬಹುದು. ಕಾಗುಣಿತ ಬೇಕಿದ್ದರೆ ನಾನೇ ಬಂದು ಬರೆದುಕೊಡುತ್ತೇನೆ. ನಿಮಗೆ ಗೊತ್ತಿಲ್ಲ ಎಂದು ಗೊತ್ತಾದರೆ ಶಾಲೆಯವರು ಮಕ್ಕಳನ್ನು ಒಳಗೆ ಕೂರಿಸಿಕೊಳ್ಳುತ್ತಾರೆ. ನನ್ನ ಅಕ್ಕ ಕಿಟಕಿ ಮುಚ್ಚಿಕೊಳ್ಳುತ್ತಾಳೆ.

ಕಿಟಕಿಗೆ ಬೀಗ ಜಡಿ, ಅವಳ ಫೋನು ಬಚ್ಚಿಡು ಎಂದು ನೀವು ನನಗೆ ಬುದ್ಧಿ ಹೇಳಬಹುದು. ಎರಡನ್ನೂ ಮಾಡಿ ನೋಡಿದೆ. ಬೀಗದ ಕೈ ಎಲ್ಲಿಟ್ಟರೂ ಹುಡುಕುತ್ತಾಳೆ. ಫೋನು ಕೊಡದಿದ್ದರೆ ಪಕ್ಕದ ಮನೆಯವರನ್ನು ಕೂಗಿ, "ಏನಂತೆ ಇವತ್ತು?" ಎಂದು ಕೇಳುತ್ತಾಳೆ. ಈ ದಿನ ಬೆಳಗ್ಗೆಯೂ ಕೇಳಿದಳು. ತೃಪ್ತಿಕರವಂತೆ ಎಂದು ಅವರು ಕೂಗಿ ಹೇಳಿದರು. ಅಕ್ಕ ಮಂಚದಿಂದ ಕಾಲು ಕೆಳಗಿಟ್ಟಳು, ನಾನು ಅಡ್ಡ ನಿಂತೆ. "ಆಫೀಸ್ನೋರೇ ಹೇಳಿದ್ಮೇಲೆ ನಿಂದೇನೇ?" ಎಂದಳು. ಹೊರಗೆ ಎಲೆ ಅಲ್ಲಾಡುತ್ತಿರಲಿಲ್ಲ. ನಿಮ್ಮ ಮೇಲೆ ನನಗಿರುವುದು ತಿರಸ್ಕಾರ, ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ. ಅವಳಿಗೆ ನಿಮ್ಮ ಮೇಲೆ ಇನ್ನೂ ನಂಬಿಕೆಯಿದೆ. ನನ್ನ ಭಯವೆಲ್ಲ ಅದೇ.

ಇಂತಿ,
ಗಾಳಿ ನಿಂತ ಹೊತ್ತಿನಲ್ಲೂ ಉಸಿರಾಡುವ ದುರಭ್ಯಾಸ ಬಿಡಲಾಗದ,
ರೈಲು ದಿಬ್ಬದ ಕೆಳಗಿನ ಓಣಿಯ ಗಣಿತದ ಟೀಚರು